ಮರಳಿ ಬರುವ ಗವಂಡಿ

ಚಾಲುಕ್ಯರ ಕಾಲದ ತಾರಕೇಶ್ವರ ದೇವಾಲಯ ಇಂದಿಗೂ ಅಲುಗದೆ ನಿಂತಿರುವ ಹಾನಗಲ್ಲಿನಲ್ಲಿ, ನಿವೃತ್ತ ಮಾಸ್ತರರೊಬ್ಬರ ಮಾಳಿಗೆ ಮಳೆ ಬಂದಾಗಲೆಲ್ಲ ಸೋರುತ್ತಿತ್ತು. ದುರಸ್ತಿಗೆ ಒಪ್ಪಿದ ಗವಂಡಿ ಮುಂಗಡ ಪಡೆದು ಕಣ್ಮರೆಯಾಗಿದ್ದ. ಕೈಯಲ್ಲಿ ಉಳಿದುದು ನಿವೃತ್ತಿಯ ಹಣದ ಕೊನೆಯ ಪಾಲು.

ಶಿಗ್ಗಾಂವಿಯವನು ಅಗ್ಗದ ದರ ಹೇಳಿದ. ಹಿರೇಕೆರೂರಿನವನು ಆಗತಾನೆ ಸುಣ್ಣ ಬಳಿದ ಗೋಡೆ ತೋರಿಸಿದ. ಸುಣ್ಣ ಮುಚ್ಚಿದ ಬಿರುಕನ್ನು ಮಳೆ ಬಯಲಿಗೆಳೆಯದೆ ಬಿಡದು. ಸವಣೂರಿನವನು ಮಾತ್ರ, ತಾನು ಕಟ್ಟಿ ಮೂರು ಮಳೆಗಾಲ ಕಳೆದಿದ್ದ ಮನೆಗೆ ಕರೆದೊಯ್ದ.

“ಮೊದಲ ವರ್ಷ ಈ ಮೂಲಿ ಸೋರಿತ್ತರಿ, ಹೇಳಿ ಕಳಿಸಿದ ಮರುದಿನಾನ ಬಂದು ಸರಿಮಾಡಿದ್ರು. ರೊಕ್ಕ ಮುಟ್ಟಲಿಲ್ಲ,” ಎಂದರು ಮನೆಯಾಕೆ.

ಮಾಸ್ತರರು ಕರಾರು ಬರೆದರು: ಕೆಲಸ ನಡೆದಷ್ಟಕ್ಕೆ ಹಣ, ಕೊನೆಯ ಕಂತು ಆಷಾಢ ಕಳೆದ ಮೇಲೆ. ಗವಂಡಿ ನಗುತ್ತ ಸಹಿ ಹಾಕಿದ.

ತಪ್ಪೇ ಮಾಡದ ಕೆಲಸಗಾರ ಲೋಕದಲ್ಲಿಲ್ಲ; ಕರೆದಾಗ ಮರಳಿ ಬರುವವನೇ ನಂಬಿಗಸ್ಥ.