ತುಮಕೂರು ರಸ್ತೆಯಲ್ಲಿ ಬೇಸಿಗೆಯ ಪಾಠ

ಬೆಂಗಳೂರಿನ ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ನಾಗಸಂದ್ರ ದಾಟಿ ಮಾದಾವರ ತಲುಪಿತು. ಅಲ್ಲಿಳಿದು ನೆಲಮಂಗಲದ ದಿಕ್ಕಿಗೆ ಸ್ವಲ್ಪ ದೂರ ಹೋದರೆ ಮಾಕಳಿ. ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ ಬೇರೆ, ಇದು ಬೇರೆ. ಬೆಟ್ಟ ಹತ್ತುವ ಆಸೆಯಿಂದ ಚೀಲ ಹೊತ್ತು ಇಲ್ಲಿ ಬಂದಿಳಿದವರಿಗೆ ಸಿಗುವುದು ಕಾರ್ಖಾನೆಯ ಕಾಂಪೌಂಡು, ಗೋದಾಮು, ಹೆದ್ದಾರಿಯ ಪಕ್ಕ ನಿಂತ ಲಾರಿಗಳ ಸಾಲು. ದಾಸನಪುರ ಹೋಬಳಿಯ ಈ ಸೀಮೆಯಲ್ಲಿ ರಾಗಿ ಹೊಲಗಳು ಒಂದೊಂದಾಗಿ ಸೈಟುಗಳಾಗಿವೆ. ಸೈಟು ಮಾರಿದ ದುಡ್ಡಿನಲ್ಲಿ ಮಕ್ಕಳನ್ನು ಎಂ.ಬಿ.ಎ. ಓದಿಸುವ ಮನೆಗಳೂ ಇಂಥ ಕಡೆಯೇ ಹೆಚ್ಚು. ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಆ ಮನೆಗಳಲ್ಲಿ ಊಟದ ಹೊತ್ತಿಗೆ ಒಂದು ಮಾತು ಏಳುತ್ತದೆ: ‘ಬೇಸಿಗೆಯಲ್ಲಿ ಎರಡು ತಿಂಗಳು ವಿದೇಶದಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದರೆ ಒಳ್ಳೆ ಕೆಲಸ ಸಿಗುತ್ತದಂತೆ ಅಪ್ಪಾ, ಅರ್ಧ ದುಡ್ಡು ಮೊದಲೇ ಕಟ್ಟಬೇಕಂತೆ.’

ಆ ‘ಅಂತೆ’ಯನ್ನು ಪರೀಕ್ಷಿಸಬೇಕೆನ್ನುವ ತಂದೆತಾಯಿ ಬೇರೆಲ್ಲೂ ಹೋಗಬೇಕಾಗಿಲ್ಲ. ಇದೇ ಹಸಿರು ಮಾರ್ಗದಲ್ಲಿ ನಗರದ ಕಡೆಗೆ ಹಿಂದಿರುಗಿ, ಯಶವಂತಪುರ ದಾಟಿದ ಮೇಲೆ ಬರುವ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ನಿಲ್ದಾಣದಲ್ಲಿ ಇಳಿದರೆ ಸಾಕು. ನಿತ್ಯ ಸಾವಿರಾರು ಜನ ಆ ಹೆಸರನ್ನು ಕೇಳುತ್ತಾರೆ. ಆದರೆ ವಿದೇಶದಲ್ಲಿ ಪಡೆದ ಒಂದು ತರಬೇತಿಯ ಫಲ ಆ ಕಾಂಪೌಂಡಿನೊಳಗೆ ಇದೆ ಎಂಬುದು ಎಷ್ಟು ಮಂದಿಗೆ ನೆನಪಿದೆಯೋ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ ಕೊಳ್ಳುವವರಿಲ್ಲದಂತಾಯಿತು. ಕೊರಡುಗಳು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿದ್ದವು, ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯನವರು. ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು ನಿರ್ಧಾರವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ತಯಾರಾಯಿತು. ಎಣ್ಣೆಯನ್ನು ಸಾಬೂನಿಗೆ ಸೇರಿಸುವ ಯೋಚನೆ ಬಂದಾಗ ಸರ್ಕಾರ ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನ ತಜ್ಞರನ್ನು ಇಂಗ್ಲೆಂಡಿಗೆ ಕಳಿಸಿತು. ಅವರು ಸಾಬೂನು ಮತ್ತು ಸುಗಂಧದ ತಯಾರಿಕೆ ಕಲಿತು ಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸ ಆರಂಭಿಸಿತು. ಕಾರ್ಖಾನೆ ರಾಜಾಜಿನಗರದ ಈ ಜಾಗಕ್ಕೆ ಬಂದದ್ದು 1957ರಲ್ಲಿ.

ಹೈಸ್ಕೂಲಿನ ಪುಸ್ತಕದಲ್ಲಿ ಸಾಬೂನಿನ ಕ್ರಿಯೆ ಒಂದೇ ಸಾಲು: ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿದರೆ ಸಾಬೂನು ಮತ್ತು ಗ್ಲಿಸರಿನ್. ಆ ಒಂದು ಸಾಲನ್ನು ಕಾರ್ಖಾನೆಯಾಗಿ ಹಿಗ್ಗಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಎಷ್ಟು ಹೊತ್ತು ಕುದಿಸಬೇಕು, ಸುಗಂಧವನ್ನು ಯಾವ ಹಂತದಲ್ಲಿ ಬೆರೆಸಿದರೆ ನಿಲ್ಲುತ್ತದೆ, ಯಾವ ಬೆಲೆಗೆ ಮಾರಿದರೆ ಗಿಟ್ಟುತ್ತದೆ – ಇವೆಲ್ಲ ಕಡಾಯಿಯ ಪಕ್ಕದಲ್ಲಿ ನಿಂತೇ ಕಲಿಯಬೇಕಾದವು. ಶಾಸ್ತ್ರಿಗಳು ಹಡಗು ಹತ್ತುವ ಮೊದಲೇ ಅವರ ಬಳಿ ಪ್ರಶ್ನೆ ಇತ್ತು. ಊರಲ್ಲಿ ಎಣ್ಣೆ ಇತ್ತು. ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸವೂ ಕಾದಿತ್ತು. ಖರ್ಚು ಕಳಿಸಿದವರದು.

ಈ ಕಾಲದ ಬೇಸಿಗೆ ಇಂಟರ್ನ್‌ಶಿಪ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ.ನಂಥ ಸಂಸ್ಥೆಗಳಲ್ಲಿ ಮೊದಲ ವರ್ಷ ಮುಗಿಸಿದ ವಿದ್ಯಾರ್ಥಿ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಯಾವುದಾದರೊಂದು ಕಂಪೆನಿಯಲ್ಲಿ ದುಡಿಯಬೇಕು. ಅವರಲ್ಲಿ ಕೆಲವರು ಲಂಡನ್, ಸಿಂಗಪುರ, ಹಾಂಕಾಂಗ್‌ಗಳ ಬ್ಯಾಂಕುಗಳಿಗೆ ಹೋಗಿದ್ದೂ ಉಂಟು. ಅವರು ಹಣ ಕಟ್ಟಿ ಹೋದವರಲ್ಲ. ಬ್ಯಾಂಕೇ ಆರಿಸಿಕೊಂಡು, ದುಡಿಸಿಕೊಂಡು, ಸಂಬಳ ಕೊಟ್ಟಿತು. ಹುಡುಗ ಹುಡುಗಿಯರ ಕೆಲಸ ಮೆಚ್ಚಿಗೆಯಾದರೆ ಮುಂದಿನ ನೌಕರಿಯೂ ಅಲ್ಲೇ.

ಎದುರು ದಿಕ್ಕಿನ ಪಯಣವೂ ಇದೆ. ಅದನ್ನು ನೋಡಲು ನಗರದ ಇನ್ನೊಂದು ಅಂಚಿಗೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಟ್ಟಲು ಹೊರಟ ಊರು ಅದು. ಅಲ್ಲಿನ ಇನ್ಫೋಸಿಸ್ ಕಂಪೆನಿ 1999ರಲ್ಲಿ ‘ಇನ್‌ಸ್ಟೆಪ್’ ಎಂಬ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿತು. ಅಮೆರಿಕ, ಯುರೋಪುಗಳ ಹೆಸರಾಂತ ವಿಶ್ವವಿದ್ಯಾಲಯಗಳಿಂದ ಮ್ಯಾನೇಜ್‌ಮೆಂಟ್ ಮತ್ತು ತಾಂತ್ರಿಕ ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ಪ್ರತಿಯೊಬ್ಬರಿಗೂ ಒಂದು ಯೋಜನೆ, ಒಬ್ಬ ಮಾರ್ಗದರ್ಶಕ, ಭತ್ಯೆ, ವಸತಿ. ನಮ್ಮ ಹುಡುಗರು ‘ವಿದೇಶ’ ಎಂದು ಹಂಬಲಿಸುವ ಹೊತ್ತಿಗೆ ಆ ಹುಡುಗರ ‘ವಿದೇಶ’ ಹೊಸೂರು ರಸ್ತೆಯಲ್ಲಿತ್ತು! ಇಂಥವರಿಗಾಗಿ ಭಾರತ ಸರ್ಕಾರ 2017ರಲ್ಲಿ ಇಂಟರ್ನ್ ವೀಸಾ ಎಂಬ ಪ್ರತ್ಯೇಕ ವಿಭಾಗವನ್ನೇ ತೆರೆಯಿತು.

ಹಾಗಾದರೆ ದುಡ್ಡು ಕೇಳುವವರೆಲ್ಲ ಮೋಸಗಾರರೇ? ಹಾಗೆನ್ನಲಾಗದು. ಅಮೆರಿಕದಲ್ಲಿ ಸರ್ಕಾರದ ಮನ್ನಣೆ ಪಡೆದ ಪ್ರಾಯೋಜಕ ಸಂಸ್ಥೆಗಳೂ ಶುಲ್ಕ ಪಡೆಯುತ್ತವೆ. ಆದರೆ ಅಲ್ಲಿ ನಿಯಮ ಬಿಗಿ. ಇಂಟರ್ನ್ ಆಗಿ ಹೋಗುವವರಿಗೆ ಬೇಕಾದದ್ದು ಜೆ-1 ವೀಸಾ. ಅದಕ್ಕೆ ಡಿಎಸ್-7002 ಎಂಬ ತರಬೇತಿ ಯೋಜನೆಯ ಫಾರಂ ತುಂಬಬೇಕು. ಏನು ಕಲಿಯುತ್ತಾನೆ, ಯಾರು ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ವಿದ್ಯಾರ್ಥಿ, ಮೇಲ್ವಿಚಾರಕ, ಪ್ರಾಯೋಜಕ ಮೂವರೂ ಸಹಿ ಹಾಕಬೇಕು. ಗುಮಾಸ್ತಿಕೆಯ ಕೆಲಸ ಒಟ್ಟು ಕೆಲಸದ ಶೇಕಡಾ 20ನ್ನು ಮೀರುವಂತಿಲ್ಲ. ಈ ಒಂದು ಫಾರಂ ಸಾವಿರ ಬಣ್ಣದ ಕರಪತ್ರಗಳಿಗಿಂತ ಮೇಲು. ಬೇರೆ ದೇಶಕ್ಕೆ ಹೋಗುವವರೂ ಇದೇ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕೇಳಬಹುದು. ಕಂಪೆನಿಯ ಹೆಸರು ‘ಆಮೇಲೆ ತಿಳಿಸುತ್ತೇವೆ’ ಎನ್ನುವವರಿಗೆ, ಪ್ರವಾಸಿ ವೀಸಾದಲ್ಲೇ ಕೆಲಸ ಸಾಗುತ್ತದೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಹತ್ತು ದಿನ ಊರು ತೋರಿಸಿ, ಎರಡು ಕಚೇರಿಗಳ ಮುಂದೆ ಫೋಟೋ ತೆಗೆಸಿ, ಕೊನೆಗೆ ಪ್ರಮಾಣಪತ್ರ ಕೊಡುವುದು ಪ್ರವಾಸ. ಪ್ರವಾಸ ಕೆಟ್ಟದ್ದೇನಲ್ಲ, ಅದಕ್ಕೆ ಇಂಟರ್ನ್‌ಶಿಪ್ಪಿನ ಬೆಲೆ ತೆರಬಾರದು ಅಷ್ಟೇ.

ಇನ್ನು ಪ್ರಶ್ನೆಯ ಮಾತು. ಶಾಸ್ತ್ರಿಗಳಿಗೆ ಗಂಧದೆಣ್ಣೆ ಇತ್ತು, ಇಂದಿನ ವಿದ್ಯಾರ್ಥಿಗೆ ಏನಿದೆ? ಸೋಪ್ ಫ್ಯಾಕ್ಟರಿಯಿಂದ ಮತ್ತೆ ಮಾದಾವರದ ರೈಲು ಹತ್ತಿದರೆ ಯಶವಂತಪುರ, ಗೊರಗುಂಟೆಪಾಳ್ಯ, ಆಮೇಲೆ ಪೀಣ್ಯ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾದ ಇಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ನಾಲ್ಕೈದು ಲೇತ್‌ಗಳ ಸಣ್ಣ ಘಟಕಗಳೇ ಕುತೂಹಲದವು. ಅವುಗಳ ಮಾಲೀಕನಿಗೆ ಉಕ್ಕಿನ ಬೆಲೆ ಈಗಲೇ ಕೊಡಬೇಕು, ಕೂಲಿ ಶನಿವಾರ ಕೊಡಬೇಕು, ತಾನು ಮಾಡಿಕೊಟ್ಟ ಬಿಡಿಭಾಗದ ಹಣ ಮಾತ್ರ ದೊಡ್ಡ ಕಂಪೆನಿಯಿಂದ ಯಾವಾಗಲೋ ಬರಬೇಕು. ಸಣ್ಣ ಉದ್ದಿಮೆಗಳಿಗೆ 45 ದಿನ ಮೀರದಂತೆ ಹಣ ಸಲ್ಲಬೇಕೆಂದು 2006ರ ಕಾಯಿದೆ ಹೇಳುತ್ತದೆ. ಕಾಯಿದೆಯ ದಿನಕ್ಕೂ ಚೆಕ್ಕು ಕೈಸೇರುವ ದಿನಕ್ಕೂ ನಡುವಿನ ಅಂತರವನ್ನು ಆ ಮಾಲೀಕ ಹೇಗೆ ತುಂಬಿಕೊಳ್ಳುತ್ತಾನೆ? ‘ದುಡಿಯುವ ಬಂಡವಾಳ’ ಎಂದು ತರಗತಿಯಲ್ಲಿ ಉರು ಹೊಡೆಯುವ ಪಾಠ ಇಲ್ಲಿ ಒಬ್ಬ ಮನುಷ್ಯನ ನಿದ್ದೆಯ ಪ್ರಶ್ನೆ.

ಮಾಕಳಿಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಈಗ ಹಿಮಾಲಯ ವೆಲ್‌ನೆಸ್ ಎಂದು ಕರೆಸಿಕೊಳ್ಳುವ ಔಷಧ ಕಂಪೆನಿ 1975ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಕಂಪೆನಿ ಹುಟ್ಟಿದ್ದು 1930ರಲ್ಲಿ, ಡೆಹರಾಡೂನಿನಲ್ಲಿ. ಸ್ಥಾಪಕ ಎಂ. ಮನಾಲ್ ಅವರು ಬರ್ಮಾದಲ್ಲಿ ಸಿಡುಕಿನ ಆನೆಗಳಿಗೆ ಒಂದು ಬೇರನ್ನು ತಿನ್ನಿಸಿ ಶಾಂತಗೊಳಿಸುವುದನ್ನು ಕಂಡರೆಂದೂ, ತಾಯಿಯ ಒಡವೆ ಅಡವಿಟ್ಟು ಕೈಯಿಂದ ನಡೆಸುವ ಮಾತ್ರೆ ಯಂತ್ರ ಕೊಂಡರೆಂದೂ ಕಂಪೆನಿಯೇ ಹೇಳಿಕೊಳ್ಳುತ್ತದೆ. ಆ ಬೇರು ಸರ್ಪಗಂಧಿ. 1934ರಲ್ಲಿ ಅದರ ಮಾತ್ರೆ ಬಂತು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧಿಯಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

ಗಿಡಮೂಲಿಕೆಯ ಉದ್ಯಮದಲ್ಲಿ ಕಬ್ಬಿಣದ ಕೆಲಸಕ್ಕಿಲ್ಲದ ತೊಡಕೊಂದಿದೆ. ಒಂದೇ ಹೆಸರಿನ ಬೇರಿನಲ್ಲಿ ಒಂದು ವರ್ಷ ಇದ್ದಷ್ಟು ಸತ್ವ ಮರುವರ್ಷ ಇರುವುದಿಲ್ಲ. ಮಣ್ಣು, ಮಳೆ, ಕಿತ್ತ ತಿಂಗಳು, ಒಣಗಿಸಿದ ರೀತಿ – ಎಲ್ಲಕ್ಕೂ ಅದು ಬಗ್ಗುತ್ತದೆ. ಕೊಳ್ಳುವವನಿಗೆ ಮಾತ್ರ ಪ್ರತಿ ಮಾತ್ರೆಯೂ ಒಂದೇ ಸಮ ಇರಬೇಕು. ಅದಕ್ಕಾಗಿ ಪ್ರಯೋಗಾಲಯ ಎಷ್ಟು ಪರೀಕ್ಷೆ ಮಾಡಬೇಕು, ಮಳೆ ಕೈಕೊಟ್ಟರೆಂದು ಎಷ್ಟು ದಾಸ್ತಾನು ಇಡಬೇಕು, ಬೆಳೆಯುವ ರೈತನಿಗೆ ಯಾವ ಬೆಲೆ ಮೊದಲೇ ಒಪ್ಪಬೇಕು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಜರ್ಮನಿಯ ಒಂದು ಔಷಧ ಕಂಪೆನಿಗೆ ಹೋಗುವ ವಿದ್ಯಾರ್ಥಿನಿಗೆ ಎಂಟು ವಾರ ಸಾಲದೆ ಬರಬಹುದು. ಪ್ರಶ್ನೆಯೇ ಇಲ್ಲದೆ ಹೋದವರಿಗೆ ಎಂಟು ವಾರ ಬಲು ದೀರ್ಘ.

ವಿದೇಶದ ಒಳ್ಳೆಯ ಸ್ಥಾನಗಳಿಗೆ ಅರ್ಜಿ ಹಾಕುವ ಕಾಲ ಎಷ್ಟೋ ಕಡೆ ದಸರೆ ದೀಪಾವಳಿಯ ಹೊತ್ತಿಗೇ ಶುರುವಾಗುತ್ತದೆ. ಅಷ್ಟರೊಳಗೆ ಕಾಲೇಜಿನಿಂದ ಒಂದು ಪತ್ರ ಬರೆಸಿಕೊಂಡು, ಪೀಣ್ಯದ ಯಾವುದಾದರೊಂದು ಘಟಕದಲ್ಲಿ ನಾಲ್ಕು ಶನಿವಾರ ಕಳೆಯಲು ಸಮಯವಿದೆ. ಮಾದಾವರದಿಂದ ಅಲ್ಲಿಗೆ ಮೆಟ್ರೋದಲ್ಲಿ ಅರ್ಧ ಗಂಟೆಯೂ ಬೇಡ.