ಮಾವ ಕಟ್ಟಿದ ಕುದುರೆ

ಕೊಪ್ಪದ ನಮ್ಮ ಸೋದರಮಾವನ ಮನೆಯ ಜಗುಲಿಗೆ ಶುಕ್ರವಾರ ಸಂಜೆ ಒಂದು ಕಳೆ ಬರುತ್ತಿತ್ತು. ಕಬ್ಬಿಗೆ ನೀರು ಕಟ್ಟಿ ಬಂದು, ಕಾಲಿನ ಕೆಸರು ತೊಳೆದು, ಒಗೆದ ಅಂಗಿ ಹಾಕಿಕೊಂಡು ಮಾವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಎದುರಿಗೆ ಬೆಂಗಳೂರಿನಿಂದ ಯಾರದೋ ಕೈಯಲ್ಲಿ ತರಿಸಿದ ರೇಸ್ ಪುಸ್ತಕ, ಒಂದು ಕೆಂಪು ಪೆನ್ಸಿಲ್ಲು, ಬೆಲ್ಲದ ಕಾಫಿ. ಆಮೇಲೆ ದೀಪ ಆರಿಸುವ ತನಕ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಸತ್ಯನಾರಾಯಣ ಪೂಜೆಗೂ ಅವರು ಅಷ್ಟು ಮಡಿಯಿಂದ ಕೂತದ್ದನ್ನು ನಾನು ಕಂಡಿಲ್ಲ.

ನಾಳೆ ಓಡುವ ಕುದುರೆಗಳ ಜಾತಕ ನೋಡುವ ಕೆಲಸ ಅದು. ಒಂದೊಂದು ಹೆಸರಿನ ಪಕ್ಕ ಇರುವೆ ಸಾಲಿನ ಹಾಗೆ ಅಂಕಿಗಳು. ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು, ಬೆನ್ನ ಮೇಲೆ ಎಷ್ಟು ಕಿಲೋ, ಜಾಕಿ ಯಾರು, ಟ್ರೇನರ್ ಯಾರು, ಅಪ್ಪ ಯಾವುದು, ಅವ್ವ ಯಾವುದು. "ನೋಡ್ಲಾ ಮಗ, ನಿಮ್ಮತ್ತೇನ ನೋಡೋಕೆ ಹೋದಾಗ್ಲೂ ನಾನು ಇಷ್ಟು ಇಚಾರ್ಸಿರ್ನಿಲ್ಲ" ಅನ್ನುತ್ತಿದ್ದರು ಮಾವ. ಒಳಗಿನಿಂದ ಒಲೆ ಊದುತ್ತಲೇ ಅತ್ತೆ ಉತ್ತರ ಕೊಡುತ್ತಿದ್ದರು: "ಇಚಾರ್ಸಬೇಕಾಗಿದ್ದೋರು ನಮ್ಮಪ್ಪ."

ಹ್ಯಾಂಡಿಕ್ಯಾಪ್ ಎಂದರೇನೆಂದು ನನಗೆ ಕಲಿಸಿದ್ದು ಮಾವನೇ. ಗೆದ್ದ ಕುದುರೆ ಮುಂದಿನ ಓಟದಲ್ಲಿ ಹೆಚ್ಚು ತೂಕ ಹೊರಬೇಕು. ಜಾಕಿಯ ಮೈತೂಕ ಸಾಲದೆ ಬಂದರೆ ಜೀನಿನ ಜೇಬಿಗೆ ಸೀಸದ ತುಂಡು ತುರುಕುತ್ತಾರೆ. ಸೋತು ಸುಣ್ಣವಾದದ್ದಕ್ಕೆ ಹಗುರ. ಹೀಗೆ ತೂಗಿಸಿದರೆ ಒಳ್ಳೆಯದೂ ಕೆಟ್ಟದ್ದೂ ಗೆರೆಯ ಹತ್ತಿರ ಒಟ್ಟಿಗೇ ಬರಬೇಕು ಎಂಬುದು ಲೆಕ್ಕ. ನನಗೆ ಅರ್ಥವಾಗಲಿಲ್ಲವೆಂದು ಮಾವ ಮನೆಯ ಉದಾಹರಣೆಯನ್ನೇ ಎತ್ತಿಕೊಂಡರು. "ನಮ್ಮ ದೊಡ್ಡಣ್ಣನ್ನ ನೋಡು. ಗೌರ್ಮೆಂಟ್ ಕೆಲ್ಸ ಸಿಕ್ತು. ತಂಗೀರ ಮದ್ವೆ, ಅಪ್ಪನ ಸಾಲ, ನನ್ನ ಬೋರ್‌ವೆಲ್ಲು, ಎಲ್ಲ ಅವನ ಬೆನ್ಮೇಲೆ ಬಿತ್ತು. ನಾನು ಎಸ್ಸೆಸ್ಸೆಲ್ಸಿ ಫೇಲು. ಎಷ್ಟು ಹಗೂರಾಗಿವ್ನಿ ನೋಡು."

ಶನಿವಾರ ಬೆಳಿಗ್ಗೆ ಕೊಪ್ಪದಿಂದ ಬಸ್ಸಿನಲ್ಲಿ ಮದ್ದೂರು, ಮದ್ದೂರಿನಿಂದ ಚಾಮುಂಡಿ ಎಕ್ಸ್‌ಪ್ರೆಸ್ಸು. ಬೆಂಗಳೂರಿನ ಸ್ಟೇಷನ್ನಿನಿಂದ ಆನಂದರಾವ್ ಸರ್ಕಲ್ ಹಾಯ್ದು ರೇಸ್ ಕೋರ್ಸಿಗೆ ನಡಿಗೆ. ಆಟೋಕ್ಕೆ ಕೊಡುವ ದುಡ್ಡು ಕುದುರೆಯದು, ಅದನ್ನು ಮೂರು ಗಾಲಿಗೆ ಹಾಕುವುದು ಅನ್ಯಾಯ ಅನ್ನುವುದು ಅವರ ಧರ್ಮ. ಆದರೆ ವಾಪಸು ಬರುವ ಟಿಕೆಟ್ಟನ್ನು ಮಾತ್ರ ಬೆಳಿಗ್ಗೆಯೇ ತೆಗೆದು ಒಳಜೇಬಿಗೆ ಪಿನ್ನು ಚುಚ್ಚಿ ಇಡುತ್ತಿದ್ದರು. ಕುದುರೆಯ ಮೇಲೆ ಅವರಿಗಿದ್ದ ನಂಬಿಕೆ ಎಷ್ಟು ಎಂದು ಆ ಪಿನ್ನು ಹೇಳುತ್ತಿತ್ತು.

ರಾತ್ರಿ ಕಡೇ ಬಸ್ಸಿಗೆ ಮಾವ ಬಂದಿಳಿಯುವ ಹೊತ್ತಿಗೆ ಅತ್ತೆ ತಮ್ಮ ಲೆಕ್ಕ ಶುರುಮಾಡುತ್ತಿದ್ದರು. ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣವಿದ್ದರೆ ಗೆಲುವು. ಪೊಟ್ಟಣವಿಲ್ಲದೆ ಬಾಯಲ್ಲಿ ವಡೆಯ ವಾಸನೆಯಿದ್ದರೆ ಅಸಲು ಉಳಿದಿದೆ. ಎರಡೂ ಇಲ್ಲದೆ, ಬಂದವರು ನೇರ ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ಸವರುತ್ತ ನಿಂತರೆ ಪೂರಾ ಹೋಗಿದೆ. ಮಾವನ ಪೆನ್ಸಿಲ್ಲು ಎಷ್ಟೋ ಸಲ ತಪ್ಪಿತು. ಅತ್ತೆಯ ಅಂದಾಜು ಒಂದು ಸಲವೂ ತಪ್ಪಲಿಲ್ಲ. ಮನೆಯ ನಿಜವಾದ ಹ್ಯಾಂಡಿಕ್ಯಾಪರ್ ಅಡುಗೆಮನೆಯಲ್ಲಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಕುದುರೆ ಬಾಲಕ್ಕೆ ದುಡ್ಡು ಕಟ್ಟುವವನು ಎಂದು ಊರು ಆಡಿಕೊಳ್ಳುತ್ತಿದ್ದಾಗ 1996ರಲ್ಲಿ ಮಾವನಿಗೆ ದಿಲ್ಲಿಯಿಂದ ಬೆಂಬಲ ಬಂತು. ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಬರೀ ಅದೃಷ್ಟದ ಜೂಜಲ್ಲ, ಕೌಶಲ್ಯದ ಆಟ ಎಂದು ತೀರ್ಪು ಕೊಟ್ಟಿತು. ಮಾವ ಆ ಸುದ್ದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮನೆಗೆ ಬಂದು ಎದೆಯುಬ್ಬಿಸಿ, "ಇದು ಚಟ ಅಲ್ಲ ಕನಮ್ಮಿ, ಕೌಸಲ್ಯ ಕೌಸಲ್ಯ" ಎಂದರು. ಅತ್ತೆ ಸೌಟು ಕೆಳಗಿಟ್ಟು ಕೇಳಿದರು: "ಯಾವಳವ್ಳು?" ಆ ವಾರ ಮಾವ ಬೆಂಗಳೂರಿಗೆ ಹೋಗಲಿಲ್ಲ.

ನನಗೆ ಆಶ್ಚರ್ಯವೆನಿಸುತ್ತಿದ್ದುದು ಬೇರೆ. ಇದೇ ಮನುಷ್ಯ ಎತ್ತಿನ ವಿಷಯದಲ್ಲಿ ಎಡವುತ್ತಲೇ ಇರಲಿಲ್ಲ. ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೋಗುವವರು ಮಾವನನ್ನು ಕರೆದುಕೊಂಡೇ ಹೋಗುತ್ತಿದ್ದರು. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುವ ಮೊದಲೇ, ಅದು ನಾಲ್ಕು ಹೆಜ್ಜೆ ಇಟ್ಟ ರೀತಿಯಲ್ಲೇ ವಯಸ್ಸು ಹೇಳಿಬಿಡುತ್ತಿದ್ದರು. ಸುಳಿ ನೋಡುತ್ತಿದ್ದರು, ಗೊರಸಿನ ನಡುವೆ ಬೆರಳಿಟ್ಟು ನೋಡುತ್ತಿದ್ದರು, ಬಾಲದ ಬುಡ ಹಿಡಿದು ನೋಡುತ್ತಿದ್ದರು. ಆಮೇಲೆ ಟವೆಲ್ಲಿನ ಅಡಿಯಲ್ಲಿ ದಲ್ಲಾಳಿಯ ಬೆರಳು ಹಿಡಿದರೆಂದರೆ ಮುಖದ ಮೇಲೆ ಒಂದು ಗೆರೆ ಅಲುಗುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಮಂಡ್ಯದ ಕಡೆ ಜೋಡೆತ್ತಿನ ಗಾಡಿ ಓಟ ಇಟ್ಟರೆ ಮಾವ ಓಡುವ ಜಾಗಕ್ಕೆ ಹೋಗುತ್ತಲೇ ಇರಲಿಲ್ಲ. ಎತ್ತು ಕಟ್ಟಿದ ಮರದಡಿಗೆ ಹೋಗುತ್ತಿದ್ದರು. "ಎಡದೆತ್ತು ಜಾಸ್ತಿ ನೀರು ಕುಡಿದದೆ, ಅರ್ಧದಲ್ಲಿ ಬುಡ್ತದೆ." "ಇವೆರಡಕ್ಕೂ ಹೊಂದಾಣಿಕೆ ಇಲ್ಲ, ಒಂದು ಇನ್ನೊಂದರ ಮೊಕಾನೇ ನೋಡ್ತಿಲ್ಲ." "ಆ ಗಿಡ್ಡಜೋಡಿ ಅದಲ್ಲ, ಅದು ತಕ್ಕೊಂಡೋಯ್ತದೆ." ಹೇಳಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ಆಚೆಯಿಂದ ಶಿಳ್ಳೆ ಕೇಕೆ ಕೇಳಿಸಿದಾಗ ಯಾವ ಜೋಡಿ ಗೆದ್ದಿತೆಂದು ನಾನು ಓಡಿಹೋಗಿ ನೋಡಿ ಬಂದರೆ, ಗಿಡ್ಡಜೋಡಿಯೇ.

"ಮಾವ, ಇಷ್ಟು ಗೊತ್ತಿರೋರು ಇದರ ಮೇಲೆ ಕಟ್ಟಬಾರದಾ? ಬೆಂಗಳೂರಿಗೆ ಯಾಕೆ ಹೋಗ್ತೀರಿ?" ಎಂದು ಒಮ್ಮೆ ಕೇಳಿಬಿಟ್ಟೆ.

ಮಾವ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಗೊತ್ತಿರೋದ್ರ ಮೇಲೆ ದುಡ್ಡು ಕಟ್ಟೋದು ಯಾವ ಸೀಮೆ ಜೂಜ್ಲಾ?"

2014ರ ಮೇ ತಿಂಗಳಲ್ಲಿ ಎತ್ತಿನ ಗಾಡಿ ಓಟಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿದ್ದಾಗ ಮಾವನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಜೇಬಿನ ಹಳೇ ತೀರ್ಪನ್ನು ಹೊರಗೆ ತೆಗೆದು, ಬೆಂಗಳೂರಿನ ಕುದುರೆ ಓಡಿದರೆ ಕೌಶಲ್ಯ, ಮಂಡ್ಯದ ಎತ್ತು ಓಡಿದರೆ ಅಪರಾಧವೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳುತ್ತಿದ್ದರು. 2017ರಲ್ಲಿ ರಾಜ್ಯ ಸರ್ಕಾರ ಕಾಯಿದೆ ತಿದ್ದಿ ಕಂಬಳದ ಜೊತೆಗೆ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇನಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಮಾವನ ಕೊಟ್ಟಿಗೆಯಲ್ಲಿ ಎತ್ತಿನ ಜಾಗಕ್ಕೆ ಟಿಲ್ಲರ್ ಬಂದು ನಿಂತಿತ್ತು. ಸೋತ ರಾತ್ರಿ ಸವರುವುದಕ್ಕೆ ಮೈಯೇ ಇಲ್ಲದಂತಾಯಿತು.

ನಮ್ಮ ಕಡೆಯವರಿಗೆ ಕುಣಿಗಲ್ ಎಂದರೆ ಕೆರೆಯ ಹಾಡು. ಮಾವನಿಗೆ ಕುಣಿಗಲ್ ಎಂದರೆ ಹುಲಿಯೂರುದುರ್ಗ ದಾಟಿದ ಮೇಲೆ ಸಿಗುವ ಕುದುರೆ ಫಾರಂ. ಹೈದರ್, ಟಿಪ್ಪು ಕಾಲದ ದಂಡಿಗೆ ಕುದುರೆ ಬೆಳೆಸಿದ ಜಾಗ, ಆಮೇಲೆ ರೇಸಿನ ಕುದುರೆಗಳ ತವರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಕರೆದುಕೊಂಡು ಹೋಗಿದ್ದರು. ಬೇಲಿಯಾಚೆ ಹುಲ್ಲುಗಾವಲಿನಲ್ಲಿ ಮರಿಗಳು ಅವ್ವಂದಿರ ಪಕ್ಕ ಸುಮ್ಮನೆ ನಿಂತಿದ್ದವು. ಮಾವ ಬೇಲಿಗೆ ಗದ್ದ ಊರಿ ಬಹಳ ಹೊತ್ತು ನೋಡಿದರು. "ಅದು" ಎಂದು ಒಂದು ಕಂದುಮರಿಯ ಕಡೆ ಬೆರಳು ಮಾಡಿದರು. ಅದಕ್ಕೆ ಇನ್ನೂ ಹೆಸರಿಟ್ಟಿದ್ದಾರೋ ಇಲ್ಲವೋ. ಹೆಸರಿಲ್ಲದ ಕುದುರೆಯನ್ನು ಪುಸ್ತಕದಲ್ಲಿ ಹುಡುಕುವುದು ಹೇಗೆ? ಮುಂದೆ ಎಷ್ಟೋ ವರ್ಷ ಕಂದು ಬಣ್ಣದ ಕುದುರೆ ಕಂಡಾಗಲೆಲ್ಲ ಮಾವ ಒಂದು ಗೀಟು ಹೆಚ್ಚಿಗೆ ಹಾಕುತ್ತಿದ್ದರು. ರೇಸಿಗೆ ಬರುವ ಕುದುರೆಗಳಲ್ಲಿ ಬಹುಪಾಲು ಕಂದು ಬಣ್ಣದವೇ ಎಂಬುದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

ವಯಸ್ಸಾಗಿ, ಮಂಡಿ ಹಿಡಿದು, ಬೆಂಗಳೂರಿನ ಓಡಾಟ ನಿಂತ ಮೇಲೆ ನಾನು ಹೋದಾಗಲೆಲ್ಲ ಫೋನಿನಲ್ಲಿ ಕುದುರೆ ತೋರಿಸುವುದು ರೂಢಿಯಾಯಿತು. ಹಾಗೆ ಒಂದು ದಿನ ಬೇಲಿ ಹಾರುವ ರೇಸು ತೋರಿಸಿದೆ. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಕುದುರೆಗಳು ಮಟ್ಟಸ ನೆಲದಲ್ಲಿ ಓಡುತ್ತವೆ. ಬೇಲಿ ಹಾರುವುದು ನಮ್ಮಲ್ಲಿ ಮೇಕೆಯ ಕೆಲಸ, ಅದಕ್ಕೆ ಬಹುಮಾನವಿಲ್ಲ, ಬೈಗುಳ. ಇಂಗ್ಲೆಂಡ್, ಐರ್ಲೆಂಡಿನಲ್ಲಿ ಅದೇ ದೊಡ್ಡ ಹಬ್ಬ. 1752ರಲ್ಲಿ ಐರ್ಲೆಂಡಿನ ಇಬ್ಬರು ಒಂದೂರಿನ ಚರ್ಚಿನ ಗೋಪುರದಿಂದ ಇನ್ನೊಂದೂರಿನ ಗೋಪುರ ಮುಟ್ಟುವವರೆಗೆ, ಅಡ್ಡ ಬಂದ ಬೇಲಿ ಹಳ್ಳಗಳನ್ನೆಲ್ಲ ಹಾರಿಸಿಕೊಂಡು ಕುದುರೆ ಓಡಿಸಿದ್ದರಿಂದ ಇದು ಶುರುವಾಯಿತು ಎನ್ನುತ್ತಾರೆ. "ಅಂದ್ರೆ ಕೊಪ್ಪದ ಗುಡಿಯಿಂದ ಬೆಸಗರಹಳ್ಳಿ ಗುಡೀಗೆ ಗದ್ದೆ ಮೇಲೆ ಓಡ್ಸೋದು" ಎಂದರು ಮಾವ. "ಭತ್ತದ ಗದ್ದೆಯೋನು ಸುಮ್ನೆ ಬುಟ್ಟಾನ?"

ಲಿವರ್‌ಪೂಲಿನ ಏಂಟ್ರಿಯಲ್ಲಿ ಏಪ್ರಿಲ್‌ನಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಆ ಓಟಗಳಿಗೆಲ್ಲ ಹಿರಿಯಣ್ಣ. ಸುಮಾರು 7 ಕಿಲೋಮೀಟರು, 30 ಬೇಲಿ. ಮೊದಲು 40 ಕುದುರೆಗಳಿಗೆ ಅವಕಾಶವಿತ್ತು, 2024ರಿಂದ 34ಕ್ಕೆ ಇಳಿಸಿದ್ದಾರೆ. ಇಲ್ಲಿ ತೂಕ, ಜಾಕಿ, ಅಪ್ಪ ಅವ್ವ ಎಲ್ಲ ನೋಡಿ ಮುಗಿದ ಮೇಲೂ ಪಕ್ಕದ ಕುದುರೆ ಬೀಳುತ್ತದೋ ಇಲ್ಲವೋ ಎಂಬುದೊಂದು ಬಾಕಿ. 1967ರಲ್ಲಿ 23ನೇ ಬೇಲಿಯ ಹತ್ತಿರ ಸವಾರನನ್ನು ಕೆಡವಿದ್ದ ಕುದುರೆಯೊಂದು ಅಡ್ಡ ತಿರುಗಿತು. ಮುಂದಿದ್ದವೆಲ್ಲ ಒಂದರ ಮೇಲೊಂದು ಗುಡ್ಡೆ ಬಿದ್ದವು. ತೀರಾ ಹಿಂದೆ ಬರುತ್ತಿದ್ದ ಫಾಯ್ನಾವನ್ ಎಂಬ ಕುದುರೆ ಸಂದಿಯಲ್ಲಿ ನುಸುಳಿ, ಬೇಲಿ ಹಾರಿ, ಒಬ್ಬಂಟಿಯಾಗಿ ಹೋಗಿ ಗೆದ್ದುಬಿಟ್ಟಿತು. ಅದರ ಬೆಲೆ ಒಂದಕ್ಕೆ ನೂರು. ಗೆಲ್ಲುವುದಿಲ್ಲವೆಂದು ಅದರ ಮಾಲೀಕನೇ ನೋಡಲು ಬಂದಿರಲಿಲ್ಲ. ಆ ಬೇಲಿಗೆ ಈಗ ಅದರದೇ ಹೆಸರು.

ಈ ಕತೆಯನ್ನು ಮಾವ ನನ್ನಿಂದ ಮೂರು ಸಲ ಹೇಳಿಸಿಕೊಂಡರು. ಒಂದಕ್ಕೆ ನೂರು ಅನ್ನುವಾಗ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದರು. ಎಷ್ಟು ಕಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಒಳಗೊಳಗೇ ಗುಣಿಸುತ್ತಿದ್ದರೆಂದು ತುಟಿಯೇ ಹೇಳುತ್ತಿತ್ತು.

ರೇಸ್ ಕೋರ್ಸ್ ರಸ್ತೆಗೆ ಅಂಬರೀಷ್ ಹೆಸರಿಟ್ಟದ್ದು 2023ರಲ್ಲಿ. ಅದನ್ನು ಕೇಳಿ ಮಾವನಿಗೆ ಸ್ವಂತ ಹೆಸರಿಟ್ಟಷ್ಟು ಸಂತೋಷ. ಅಂಬರೀಷರ ಊರು ದೊಡ್ಡರಸಿನಕೆರೆಯೂ ನಮ್ಮ ಮದ್ದೂರು ತಾಲ್ಲೂಕೇ ಅಲ್ಲವೆ? "ನಾನು ಆ ರಸ್ತೇಲಿ ಅಷ್ಟು ವರ್ಷ ದುಡ್ಡು ಚೆಲ್ಲಿದ್ದು ಹೊರಗಿನೋರಿಗೆ ಓಗ್ಲಿಲ್ಲ ಬುಡು, ತಾಲ್ಲೂಕಿಗೇ ಬಂತು" ಎಂದರು.

ಅವರು ಹೋಗುವ ಹಿಂದಿನ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ನೋಡಲೆಂದೇ ಕೊಪ್ಪಕ್ಕೆ ಹೋದೆ. ಅಲ್ಲಿ ಸಂಜೆ, ಇಲ್ಲಿ ರಾತ್ರಿ. ಅತ್ತೆ ಮುದ್ದೆ ಉಂಡು ಮಲಗಿದ್ದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಮಾವನಿಗೆ ಅಂಕಿ ಓದಲು ಆಗುತ್ತಿರಲಿಲ್ಲ. ಹಾಗಾಗಿ ಪೆನ್ಸಿಲ್ಲಿಲ್ಲ, ಪುಸ್ತಕವಿಲ್ಲ. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುತ್ತಾರಲ್ಲ, ಅದನ್ನು ಫೋನು ಮೂಗಿನ ಹತ್ತಿರ ಹಿಡಿದು, ಎತ್ತು ನೋಡುವಂತೆ ನೋಡಿದರು. ಹಿಂಗಾಲು ಊರುವುದನ್ನು ನೋಡಿದರು, ಕಿವಿ ನೋಡಿದರು. ಆಮೇಲೆ ಒಂದು ಕಂದುಕುದುರೆಯ ಮೇಲೆ ಬೆರಳಿಟ್ಟರು. ಬೆರಳು ತಗುಲಿ ಚಿತ್ರ ನಿಂತೇ ಹೋಯಿತು.

"ಇದು. ಹತ್ತು ರೂಪಾಯಿ ಕಟ್ತೀನಿ. ನೀನೇ ಬುಕ್ಕಿ."

ಓಟ ಶುರುವಾಯಿತು. ಎರಡನೇ ಸುತ್ತಿನಲ್ಲಿ ಒಂದು ಬೇಲಿಯಾಚೆ ಇಳಿಯುವಾಗ ಮಾವನ ಕುದುರೆ ಮುಗ್ಗರಿಸಿತು. ಸವಾರ ತಲೆಕೆಳಗಾಗಿ ಹುಲ್ಲಿನ ಮೇಲೆ ಉರುಳಿದ, ಎದ್ದು ಕೂತ. ಕುದುರೆ ನಿಲ್ಲಲಿಲ್ಲ. ಬೆನ್ನ ಮೇಲಿನ ಭಾರ ಇಳಿದ ಖುಷಿಗೋ ಏನೋ ಹಗುರಾಗಿ ಒಂದೊಂದೇ ಬೇಲಿ ಹಾರುತ್ತ, ಮುಂದಿದ್ದವನ್ನು ಹಿಂದೆ ಹಾಕುತ್ತ, ಎಲ್ಲಕ್ಕಿಂತ ಮೊದಲು ಗೆರೆ ದಾಟಿತು. ಲಗಾಮು ಕುತ್ತಿಗೆಯ ಮೇಲೆ ಜೋತಾಡುತ್ತಿತ್ತು.

"ಸವಾರ ಇಲ್ದಿದ್ರೆ ಲೆಕ್ಕಕ್ಕಿಲ್ಲ ಮಾವ" ಎಂದೆ.

"ಸವಾರ ಸೋತವ್ನೆ ಕನ್ಲಾ. ಕುದ್ರೆ ಗೆದ್ದದೆ. ನಾನು ಕಟ್ಟಿದ್ದು ಕುದ್ರೆ ಮೇಲೆ" ಎಂದು ಮಾವ ಕೈ ಚಾಚಿದರು.

ಒಂದಕ್ಕೆ ಎಷ್ಟು ಎಂದು ಮೊದಲೇ ಮಾತಾಡಿರಲಿಲ್ಲ. ಜೇಬಿನಲ್ಲಿದ್ದ ನೂರರ ನೋಟು ಕೊಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮಾವ ಅದನ್ನು ಅತ್ತೆಯ ಕೈಗೆ ಕೊಟ್ಟಿದ್ದರು. ರೇಸಿನ ದುಡ್ಡು ಅತ್ತೆಯ ಸೆರಗಿನ ಗಂಟಿಗೆ ಸೇರಿದ್ದು, ನನಗೆ ತಿಳಿದಂತೆ, ಅದೊಂದೇ ಸಲ.