ಎರಡು ಕಲ್ಲು ಮತ್ತು ಒಂದು ಸ್ವಿಚ್

ನಮ್ಮ ಕಾರಿನ ಹಿಂದಿನ ಚಕ್ರದಿಂದ 'ಕರ್ರ್' ಅಂತ ಸದ್ದು ಶುರುವಾಗಿದ್ದು ನನ್ನ ಎರಡನೇ ಇಂಟರ್ನಲ್ಸ್ ನಡೀತಿದ್ದ ವಾರ. ಇಂಥ ಸದ್ದಿಗೆಲ್ಲ ನಮ್ಮನೇಲಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಯಾಕಂದ್ರೆ ಅಪ್ಪ ಇದಾರೆ. 24 ವರ್ಷ ಟ್ಯಾಕ್ಸಿ ಓಡಿಸಿದವರು. ಮೊದಲು ಅಂಬಾಸಿಡರ್, ಆಮೇಲೆ ಇಂಡಿಕಾ. ಗಾಡಿ ಗ್ಯಾರೇಜಿಗೆ ಹೋಯ್ತು ಅಂದ್ರೆ ಅವತ್ತಿನ ದುಡಿಮೆ ಹೋಯ್ತು ಅನ್ನೋ ಕಾಲದಲ್ಲಿ ಅವರೇ ಎಲ್ಲ ರಿಪೇರಿ ಕಲಿತರು. ಮಂಡಿ ಆಪರೇಷನ್ ಆದ ಮೇಲೆ ಟ್ಯಾಕ್ಸಿ ಮಾರಿ, ಮನೆಗೆ ಅಂತ ಸೆಕೆಂಡ್ ಹ್ಯಾಂಡ್ ಕಾರೊಂದು ತಗೊಂಡ್ವಿ.

ಆ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಇಲ್ಲ. ಅಂದ್ರೆ ಕೈಯಲ್ಲಿ ಎಳೆಯೋ ಲಿವರ್ ಇಲ್ಲ. ಆ ಜಾಗದಲ್ಲಿ ಹೆಬ್ಬೆರಳಗಲದ ಒಂದು ಸ್ವಿಚ್. ಎತ್ತಿದರೆ ಹಿಂದೆ ಎಲ್ಲೋ 'ಝೂಂ' ಅನ್ನುತ್ತೆ, ಬ್ರೇಕ್ ಹಿಡಿಯುತ್ತೆ. 2001ರ ಹೊತ್ತಿಗೆ ಬಿಎಂಡಬ್ಲ್ಯು 7 ಸೀರೀಸ್‌ನಂಥ ಕಾರುಗಳಲ್ಲಿ ಬಂದ ಈ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಈಗ ನಮ್ಮ ರಸ್ತೆಯ ಮಧ್ಯಮ ವರ್ಗದ ಕಾರುಗಳಿಗೂ ಬಂದಿದೆ. ಅಪ್ಪನಿಗೆ ಮೊದಲ ದಿನದಿಂದಲೂ ಅದರ ಮೇಲೆ ಅನುಮಾನ. "ಕಟಕಟ ಅಂತ ಹಲ್ಲು ಕಚ್ಚೋದು ಕೈಗೆ ಗೊತ್ತಾಗ್ಬೇಕು ಕಣೋ. ಇದೇನು, ಲೈಟ್ ಹಾಕ್ದಂಗೆ!" ಅಂತಿದ್ರು.

ಸರ್ವಿಸ್ ಸೆಂಟರ್‌ನಲ್ಲಿ ಹಿಂದಿನ ಎರಡೂ ಚಕ್ರದ ಪ್ಯಾಡ್ ಮುಗಿದಿದೆ, 11,000 ರೂಪಾಯಿ ಆಗುತ್ತೆ ಅಂದ್ರು. ಅಪ್ಪ ಏನೂ ಮಾತಾಡದೆ ಕೀ ಈಸ್ಕೊಂಡು ಬಂದ್ಬಿಟ್ರು. ಶನಿವಾರ ಇಬ್ಬರೂ ಜೆ.ಸಿ. ರಸ್ತೆಗೆ ಹೋಗಿ ಪ್ಯಾಡ್ ಸೆಟ್ ತಂದ್ವಿ. ಮೂರು ಸಾವಿರಕ್ಕೆ ಇನ್ನೂರು ಕಮ್ಮಿ. ಬಿಲ್ ಬರೀತಾ ಅಂಗಡಿಯವರು, "ಮೋಟರ್ ಇರೋ ಕ್ಯಾಲಿಪರ್ ಅಲ್ವಾ ಸಾರ್, ಹುಷಾರು. ಅದೇನಾದ್ರೂ ಹೋದ್ರೆ ಒಂದಕ್ಕೇ ಇಪ್ಪತ್ತು ಸಾವಿರದ ಮೇಲೆ" ಅಂದ್ರು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ಕೂತು ಈ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅಂತ ಓದಿದೆ.

ಓದಿದ್ದು ಇಷ್ಟು. ಕಾಲಲ್ಲಿ ಬ್ರೇಕ್ ಒತ್ತಿದಾಗ ಎಣ್ಣೆಯ ಒತ್ತಡ ಪಿಸ್ಟನ್ನನ್ನ ಮುಂದಕ್ಕೆ ತಳ್ಳುತ್ತೆ, ಪ್ಯಾಡ್ ಡಿಸ್ಕನ್ನ ಹಿಡಿಯುತ್ತೆ. ಇದು ಎಲ್ಲಾ ಡಿಸ್ಕ್ ಬ್ರೇಕಿನಲ್ಲೂ ಒಂದೇ. ಆದರೆ ನಮ್ಮ ಕಾರಿನ ಹಿಂದಿನ ಕ್ಯಾಲಿಪರ್‌ಗೆ ಒಂದು ಪುಟ್ಟ ಮೋಟರ್ ಅಂಟಿಕೊಂಡಿದೆ. ಸ್ವಿಚ್ ಎತ್ತಿದರೆ ಮೋಟರ್ ಗೇರ್‌ಗಳ ಮೂಲಕ ಒಂದು ಸ್ಕ್ರೂ ತಿರುಗಿಸುತ್ತೆ, ಸ್ಕ್ರೂ ಮೇಲಿರೋ ನಟ್ ಮುಂದೆ ಬಂದು ಪಿಸ್ಟನ್ನಿನ ಹೊಟ್ಟೆಯೊಳಗಿಂದ ಅದನ್ನ ಒತ್ತಿ ಹಿಡಿಯುತ್ತೆ. ಆಮೇಲೆ ಕರೆಂಟ್ ಬೇಕಿಲ್ಲ. ನಟ್ಟನ್ನ ಹಿಂದಕ್ಕೆ ಎಷ್ಟೇ ತಳ್ಳಿದರೂ ಸ್ಕ್ರೂ ತಾನಾಗಿ ತಿರುಗೋದಿಲ್ಲ. ಮಷೀನ್ ಡಿಸೈನ್ ಕ್ಲಾಸಲ್ಲಿ 'ಸೆಲ್ಫ್ ಲಾಕಿಂಗ್' ಅಂತ ಐದು ಮಾರ್ಕಿಗೆ ಬರೆದಿದ್ವಲ್ಲ, ಅದೇ. ಕಾರು ಎತ್ತೋ ಸ್ಕ್ರೂ ಜಾಕ್ ತಾನಾಗಿ ಇಳಿಯದೆ ಇರೋದೂ ಅದೇ ಕಾರಣಕ್ಕೆ.

ಹೊಸ ಪ್ಯಾಡ್ ದಪ್ಪ ಇರುತ್ತೆ, ಹಾಗಾಗಿ ಪಿಸ್ಟನ್ನನ್ನ ಪೂರ್ತಿ ಹಿಂದಕ್ಕೆ ತಳ್ಳಬೇಕು. ಆದರೆ ಸ್ವಿಚ್ ಇಳಿಸಿ ಬ್ರೇಕ್ ಬಿಟ್ಟಾಗ ನಟ್ ಸರಿಯೋದು ಚೂರೇ ಚೂರು. ಪಿಸ್ಟನ್ ದಾರಿಗೆ ಅದು ಅಡ್ಡ ಕೂತಿರುತ್ತೆ. ಕಾರನ್ನ ಮೊದಲು 'ಸರ್ವಿಸ್ ಮೋಡ್'ಗೆ ಹಾಕಬೇಕು, ಆಗ ಮೋಟರ್ರೇ ನಟ್ಟನ್ನ ಕೊನೇವರೆಗೂ ಹಿಂದಕ್ಕೆ ಎಳ್ಕೊಳ್ಳುತ್ತೆ. ಅದು ಬಿಟ್ಟು ಬಲವಂತ ಮಾಡಿದರೆ ಒಳಗಿನ ಸ್ಕ್ರೂ, ಗೇರು ಹಾಳಾಗುತ್ತೆ.

ಇದನ್ನೆಲ್ಲ ಓದಿ ಮಲಗಿದವನು ಬೆಳಿಗ್ಗೆ ಅಪ್ಪನಿಗೆ ಹೇಳಿದ್ನಾ? ಇಲ್ಲ.

ಯಾಕೆ ಅಂತ ಈಗಲೂ ಸರಿಯಾಗಿ ಹೇಳಕ್ಕಾಗಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೇ ಅಪ್ಪ ಹಳೇ ಖಾಕಿ ಅಂಗಿ ಹಾಕ್ಕೊಂಡು ರೆಡಿ. ಆಪರೇಷನ್ ಆದ ಮೇಲೆ ಅವರನ್ನ ಅಷ್ಟು ಹುರುಪಲ್ಲಿ ನೋಡಿರಲಿಲ್ಲ. ಎದುರು ಮನೆಯವರು "ಏನ್ ಅಣ್ಣಾ, ಮತ್ತೆ ಡ್ಯೂಟಿನಾ?" ಅಂದಾಗ ಮುಖದ ಮೇಲೆ ಒಂದು ನಗು. ಆರನೇ ಸೆಮ್ ಹುಡುಗ ನಾನು, ಒಂದು ನಟ್ ಬಿಚ್ಚಿದವನಲ್ಲ, ಅವರಿಗೆ ಬ್ರೇಕ್ ಪಾಠ ಹೇಳೋದಾ?

ನಮ್ಮ ಬೀದಿ ಕೊಂಚ ಇಳಿಜಾರು. ಅಪ್ಪ ಮೊದಲು ಮನೆ ಪಕ್ಕದಲ್ಲಿ ಬಿದ್ದಿದ್ದ ಎರಡು ಕಲ್ಲು ತಂದು ಮುಂದಿನ ಚಕ್ರಗಳ ಹಿಂದೆ ಒದ್ದು ಕೂರಿಸಿದರು. ಗೇರಿನಲ್ಲಿ ನಿಲ್ಲಿಸಿ, ಸ್ವಿಚ್ ಇಳಿಸಿ ಪಾರ್ಕಿಂಗ್ ಬ್ರೇಕ್ ಬಿಟ್ಟರು. ಎಡಗಡೆ ಹಿಂದಿನ ಚಕ್ರ ಜಾಕ್ ಹಾಕಿ ಎತ್ತಿ, ಬಿಚ್ಚಿದ ಚಕ್ರವನ್ನ ಕಾರಿನ ಅಡಿಗೆ ನೂಕಿದರು, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರಲಿ ಅಂತ. ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಪೈಪ್ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ನೇತು ಹಾಕಿದರು. ಹಳೇ ಪ್ಯಾಡ್ ಕೈಗೆ ಬಂತು. ಉಳಿದಿದ್ದು ಬಿಸ್ಕತ್ತಿನಷ್ಟೂ ದಪ್ಪ ಇಲ್ಲ. ಅಲ್ಲೀವರೆಗೂ ಅವರ ಕೈ ಎಲ್ಲೂ ತಡವರಿಸಲಿಲ್ಲ.

ಆಮೇಲೆ ಸಿ ಕ್ಲ್ಯಾಂಪ್ ತಗೊಂಡು ಪಿಸ್ಟನ್ ಒತ್ತಕ್ಕೆ ಶುರು ಮಾಡಿದರು. ಇಂಡಿಕಾದ ಮುಂದಿನ ಬ್ರೇಕಿಗೆ ನೂರು ಸಲ ಮಾಡಿದ ಕೆಲಸ. ಚೂರು ಒಳಗೆ ಹೋಯ್ತು. ನಿಂತಿತು. ಮತ್ತೆ ತಿರುಗಿಸಿದರು. ಅಲುಗಾಡಲಿಲ್ಲ. "ತುಕ್ಕು ಹಿಡ್ದಿದೆ" ಅಂತ ಹೇಳಿ, ಕ್ಲ್ಯಾಂಪಿನ ಹಿಡಿಗೆ ಒಂದಡಿ ಪೈಪ್ ಸಿಕ್ಕಿಸಿದರು.

"ಅಪ್ಪಾ, ಬೇಡ."

"ಏನೋ?"

"ಅದು ತುಕ್ಕಲ್ಲ. ಒಳಗೆ ನಟ್ ಅಡ್ಡ ಇದೆ. ಮೋಟರ್ ಹಿಂದಕ್ಕೆ ಎಳ್ಕೊಂಡ್ರೇನೇ ಹೋಗೋದು. ಒತ್ತಿದ್ರೆ ಮುರಿಯುತ್ತೆ."

ಅಪ್ಪ ಪೈಪ್ ಕೆಳಗಿಟ್ಟರು. "ಯಾವಾಗಿಂದ ಗೊತ್ತಿತ್ತು?"

"ನಿನ್ನೆ ರಾತ್ರಿ."

ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಕೈ ಒರೆಸಿಕೊಂಡು, "ಗೊತ್ತಿದ್ದೂ ನೋಡ್ತಾ ನಿಂತಿದ್ಯಾ?" ಅಂದ್ರು, ಅಷ್ಟೇ.

ಕಾಲೇಜ್ ಪ್ರಾಜೆಕ್ಟಿಗೆ ತಗೊಂಡಿದ್ದ ಬ್ಲೂಟೂತ್ ಸ್ಕ್ಯಾನರ್ ಇತ್ತಲ್ಲ, ಸೀದಾ ಅದನ್ನ ಚುಚ್ಚಿದೆ. ಎಂಜಿನ್ನಿನ ಬಗ್ಗೆ ಎಲ್ಲ ಹೇಳ್ತು, ಬ್ರೇಕಿನ ಬಗ್ಗೆ ಒಂದಕ್ಷರ ಇಲ್ಲ. ಅಂಥ ಅಗ್ಗದ ಸ್ಕ್ಯಾನರ್ ಮಾತಾಡೋದು ಹೊಗೆ ನಿಯಂತ್ರಣಕ್ಕೆ ಅಂತ ಎಲ್ಲ ಕಂಪನಿಯವರೂ ಒಪ್ಪಿಕೊಂಡ ಭಾಷೆ ಮಾತ್ರ. ಬ್ರೇಕಿನ ಭಾಷೆ ಆಯಾ ಕಂಪನಿಯ ಗುಟ್ಟು. ಪುಣ್ಯಕ್ಕೆ ನಮ್ಮ ಮಾಡೆಲ್ಲಿನಲ್ಲಿ ಸ್ಕ್ಯಾನರ್ ಇಲ್ಲದೆ, ಪೆಡಲ್ ಮತ್ತು ಸ್ವಿಚ್ಚನ್ನ ಒಂದು ಕ್ರಮದಲ್ಲಿ ಒತ್ತಿ ಸರ್ವಿಸ್ ಮೋಡಿಗೆ ಹೋಗಬಹುದಿತ್ತು. ಇದು ಎಲ್ಲ ಕಾರಿಗೂ ಒಂದೇ ಅಲ್ಲ, ಕೆಲವಕ್ಕೆ ಸ್ಕ್ಯಾನರ್ರೇ ಬೇಕು. ನೀವು ಕೈ ಹಾಕೋ ಮುಂಚೆ ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿ.

ನಾನು ಸೀಟಿಗೆ ಹತ್ತಕ್ಕೆ ಹೊರಟೆ. ಅಪ್ಪ ತಡೆದರು. "ಮೊದ್ಲು ಚಕ್ರ ಹಾಕಿ ಕೆಳಗಿಳಿಸು. ಜಾಕ್ ಮೇಲೆ ನಿಂತಿರೋ ಗಾಡೀಲಿ ಏನೂ ಆಟ ಆಡ್ಬೇಡ."

"ಎರಡು ನಿಮಿಷದ ಕೆಲಸಕ್ಕೆ ಮತ್ತೆ ಎಲ್ಲ ಜೋಡಿಸೋದಾ?"

"ನಿಮ್ ತಾತ ಹೇಳ್ತಿದ್ರು, ಮಷೀನ್ ಬಿಚ್ಚೋ ಮುಂಚೆ ಅದು ಓಡ್ದಂಗೆ ಮಾಡು ಅಂತ. ಇಳಿಸು."

ನಮ್ಮ ತಾತ ಬಿನ್ನಿ ಮಿಲ್ಲಿನಲ್ಲಿ ಫಿಟ್ಟರ್. 1884ರಲ್ಲಿ ಶುರುವಾದ ಗಿರಣಿ, ನಮ್ಮ ಪೇಟೆಗೆ ಹೆಸರು ಕೊಟ್ಟಿದ್ದೇ ಅದು. ಈಗ ಅಲ್ಲಿ ಮಾಲ್, ಎತ್ತೆತ್ತರದ ಅಪಾರ್ಟ್‌ಮೆಂಟ್. ಮಗ್ಗಕ್ಕೆ ಸಿಕ್ಕಿ ಬೆರಳು ಕಳ್ಕೊಂಡವರ ಕಥೆಗಳನ್ನ ತಾತ ಅಪ್ಪನಿಗೆ ಹೇಳಿದ್ರು, ಅಪ್ಪ ನಮಗೆ. ನಾನು ಗೊಣಗುತ್ತಲೇ ಕ್ಯಾಲಿಪರ್ ಕೂರಿಸಿ, ಚಕ್ರ ಹಾಕಿ, ಜಾಕ್ ಇಳಿಸಿದೆ.

ಮ್ಯಾನ್ಯುಯಲ್ಲಿನಲ್ಲಿ ಇದ್ದ ಹಾಗೆ ಇಗ್ನಿಷನ್ ಆನ್, ನ್ಯೂಟ್ರಲ್, ಕಾಲು ಬ್ರೇಕ್ ಮೇಲೆ. ಕ್ರಮ ಪ್ರಕಾರ ಒತ್ತಿದೆ. ಹಿಂದಿನಿಂದ 'ಝೂಂ...' ಮಾಮೂಲಿಗಿಂತ ಎರಡರಷ್ಟು ಹೊತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು. "ಅಪ್ಪಾ, ಆಯ್ತು!" ಅಂತ ಬಾಗಿಲು ತೆಗೆದು ಹಿಂದಕ್ಕೆ ಇಣುಕಿದೆ. ಇಣುಕೋವಾಗ ಕಾಲು ಎತ್ತಿಬಿಟ್ಟಿದ್ದೆ.

ಕಾರು ಹಿಂದಕ್ಕೆ ಸರೀತು. ಗೇರಿಲ್ಲ, ಪಾರ್ಕಿಂಗ್ ಬ್ರೇಕನ್ನ ನಾನೇ ಈಗ ತಾನೇ ಪೂರ್ತಿ ಬಿಚ್ಚಿದ್ದೆ. ಅಪ್ಪ ಹಿಂದಿನ ಚಕ್ರದ ಹತ್ತಿರ, ಆಪರೇಷನ್ ಆದ ಕಾಲನ್ನ ಚಾಚಿಕೊಂಡು ಮಣೆ ಮೇಲೆ ಕೂತಿದ್ರು. ಒಂದು ಗೇಣು ಸರಿದಿರಬಹುದು. ಮುಂದಿನ ಚಕ್ರ ಕಲ್ಲಿಗೆ ತಗುಲಿ 'ದಬ್' ಅಂತ ನಿಂತಿತು.

ಆ ಹೊತ್ತಿನಲ್ಲಿ ಕಾರು ಜಾಕ್ ಮೇಲೆ ಇದ್ದಿದ್ದರೆ? ಇದನ್ನ ಬರೀವಾಗಲೂ ಹೊಟ್ಟೇಲಿ ಏನೋ ಆಗುತ್ತೆ. ಅಪ್ಪ ನಿಧಾನಕ್ಕೆ ಕಾಲು ಎಳೆದುಕೊಂಡು, "ಗೇರಿಗೆ ಹಾಕು" ಅಂದ್ರು. ಹಾಕಿದೆ. ಕೈ ನಡುಗ್ತಿತ್ತು.

ಮಿಕ್ಕಿದ್ದು ಸಲೀಸು. ಮತ್ತೆ ಎತ್ತಿ ಕ್ಯಾಲಿಪರ್ ಬಿಚ್ಚಿದಾಗ, ಪೈಪ್ ಬೇಕು ಅನ್ನಿಸಿದ್ದ ಪಿಸ್ಟನ್ ಕ್ಲ್ಯಾಂಪನ್ನ ಎರಡು ಬೆರಳಲ್ಲಿ ತಿರುಗಿಸಿದರೆ ಒಳಗೆ ಹೋಯ್ತು. ಅಪ್ಪ ಅದನ್ನೇ ಸ್ವಲ್ಪ ಹೊತ್ತು ನೋಡ್ತಾ ಕೂತರು. ಪಿಸ್ಟನ್ ಒಳಗೆ ಹೋದಾಗ ಬ್ರೇಕ್ ಆಯಿಲ್ ಡಬ್ಬಿ ಉಕ್ಕಿ ಬರುತ್ತೆ, ಪೇಂಟಿಗೆ ಬಿದ್ದರೆ ಪೇಂಟ್ ತಿನ್ನುತ್ತೆ ಅಂತ ಬಾನೆಟ್ ಎತ್ತಿ ಬಟ್ಟೆ ಸುತ್ತಲು ಹೇಳಿದ್ದೂ ಅವರೇ. ನಾನು ಓದಿದ್ದೆ, ಮರೆತಿದ್ದೆ. ಸ್ಲೈಡ್ ಪಿನ್ನುಗಳಿಗೆ ಗ್ರೀಸ್, ಪ್ಯಾಡಿನ ಮುಖಕ್ಕೆ ಬೆರಳೂ ಸೋಕಿಸದೆ ಹೊಸ ಪ್ಯಾಡ್. ಬಲಗಡೆ ಪೂರ್ತಿ ನಾನು ಮಾಡಿದೆ, ಅವರು ಮಣೆ ಮೇಲೆ ಕೂತು ಸ್ಪ್ಯಾನರ್ ಕೊಟ್ಟರು.

ಸರ್ವಿಸ್ ಮೋಡಿನಿಂದ ಹೊರಗೆ ಬರೋ ಮುಂಚೆ ಬ್ರೇಕ್ ಪೆಡಲ್ ಒತ್ತಿ ನೋಡಿದರೆ ನೆಲಕ್ಕೇ ಇಳಿದುಹೋಯ್ತು. ಗಾಬರಿ ಬಿದ್ದೆ. "ಪಂಪ್ ಮಾಡು, ಪಿಸ್ಟನ್ ದೂರ ಇದೆ" ಅಂದ್ರು. ಏಳೆಂಟು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯ್ತು. ಇದನ್ನ ಮರೆತು ಹಾಗೇ ಕಾರು ತೆಗೆದವರು ಮೊದಲ ಸಿಗ್ನಲ್ಲಿನಲ್ಲೇ ಎದುರಿನವರಿಗೆ ಗುದ್ದುತ್ತಾರೆ.

ಸಂಜೆ ಮಾಗಡಿ ರಸ್ತೆಯಲ್ಲಿ ಒಂದು ರೌಂಡು. ಹೊಸ ಪ್ಯಾಡ್ ಕಚ್ಚಿಕೊಳ್ಳಲಿ ಅಂತ ಮೆತ್ತಗೆ ನಿಲ್ಲಿಸುತ್ತಾ ಓಡಿಸಿದೆ. 'ಕರ್ರ್' ಸದ್ದಿಲ್ಲ. ಮನೆ ಮುಂದೆ ಬಂದು ನಿಲ್ಲಿಸಿದಾಗ ಅಪ್ಪ ಕೈ ಚಾಚಿ ತಾವೇ ಸ್ವಿಚ್ ಎತ್ತಿದರು. ಝೂಂ. ಕಿವಿಗೊಟ್ಟು ಕೇಳಿದರು. "ಹಿಡೀತು" ಅಂದ್ರು. ಆಮೇಲೆ ಇಳಿದು ಹೋಗಿ ಚಕ್ರದ ಹಿಂದೆ ಕಲ್ಲೂ ಇಟ್ಟರು.

ನಾನೇನೂ ಅನ್ನಲಿಲ್ಲ. ಆ ಎರಡು ಕಲ್ಲು ಈಗ ಕಾರಿನ ಡಿಕ್ಕಿಯಲ್ಲೇ ಇವೆ, ಸ್ಟೆಪ್ನಿ ಪಕ್ಕ.